ವಿಡಿಯೋ ವೈರಲ್ ಆಗುವುದರ ಹಿಂದಿನ ಲೆಕ್ಕ: ಅಧ್ಯಯನ ಟಿಪ್ಪಣಿ

ಮೊದಲು ಲೆಕ್ಕ. ಒಂದು ವಿಡಿಯೋವನ್ನು 1,000 ಜನ ನೋಡಿದರು ಅಂತಿಟ್ಟುಕೊಳ್ಳಿ. ಅವರಲ್ಲಿ 30 ಜನ ಬೇರೆಯವರಿಗೆ ಕಳಿಸಿದರು. ಒಬ್ಬೊಬ್ಬರಿಂದ ಹೊಸದಾಗಿ 10 ಜನ ನೋಡಿದರು. ಅಂದರೆ 300 ಹೊಸಬರು, ಹರಡುವ ದರ 0.3. ಆ 300ರಿಂದ 90, 90ರಿಂದ 27, ಹೀಗೆ ಕರಗುತ್ತಾ ಒಟ್ಟು ಸುಮಾರು 1,430ಕ್ಕೆ ನಿಲ್ಲುತ್ತದೆ. ದರ 0.6 ಆದರೆ ಒಟ್ಟು 2,500, 0.9 ಆದರೆ 10,000. ಸೂತ್ರ ಇಷ್ಟೇ: ಒಂದರಿಂದ ದರವನ್ನು ಕಳೆದು, ಉಳಿದದ್ದರಿಂದ ಮೊದಲ ನೋಡುಗರ ಸಂಖ್ಯೆಯನ್ನು ಭಾಗಿಸಿ. ದರ 1 ದಾಟಿದರೆ ವಿಡಿಯೋ ತಾನಾಗಿಯೇ ಬೆಳೆಯುತ್ತದೆ, ಆದರೆ ಹೆಚ್ಚು ಹೊತ್ತಲ್ಲ. ಅಪಾರ್ಟ್‌ಮೆಂಟ್ ಗ್ರೂಪ್, ಆಫೀಸ್ ಗ್ರೂಪ್, ಕಾಲೇಜ್ ಗ್ರೂಪ್ ಮೂರರಲ್ಲೂ ಅವೇ ಮುಖಗಳು; ನೋಡಿದವರಿಗೇ ಮತ್ತೆ ಹೋಗುತ್ತದೆ. ಜೊತೆಗೆ ವಾಟ್ಸಾಪ್ 2018ರಲ್ಲಿ ಭಾರತದಲ್ಲಿ ಫಾರ್ವರ್ಡ್‌ಗೆ ಒಂದು ಸಲಕ್ಕೆ 5 ಚಾಟ್‌ಗಳ ಮಿತಿ ಹಾಕಿತು. 2020ರಿಂದ, ಆಗಲೇ ಬಹಳ ಕೈ ಬದಲಾಯಿಸಿದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು.

ಹಾಗಾದರೆ ಲಕ್ಷಗಟ್ಟಲೆ ವ್ಯೂಸ್ ಬರುವುದೆಲ್ಲಿಂದ? ಟ್ವಿಟರ್‌ನಲ್ಲಿ ಸುದ್ದಿ, ಚಿತ್ರ, ವಿಡಿಯೋ, ಮನವಿಗಳು ಹರಡಿದ ಸುಮಾರು 100 ಕೋಟಿ ಪ್ರಸಂಗಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡುಕೊಂಡದ್ದು: ಜನಪ್ರಿಯವಾದವುಗಳ ಹಿಂದೆ ಸಾಮಾನ್ಯವಾಗಿ ಒಂದು ದೊಡ್ಡ ಪ್ರಸಾರ ಇರುತ್ತದೆ. ಬಾಯಿಂದ ಬಾಯಿಗೆ ಹಬ್ಬುವ ಉದ್ದದ ಸರಪಳಿ ಕಡಿಮೆ. ರೀಲ್ಸ್, ಶಾರ್ಟ್ಸ್ ಕಾಲದಲ್ಲಿ ಆ ಪ್ರಸಾರಕನ ಕೆಲಸವನ್ನು ಫೀಡ್, ಅಂದರೆ ಆ್ಯಪ್ ತಾನೇ ಆರಿಸಿ ತೋರಿಸುವ ವಿಡಿಯೋಗಳ ಸಾಲು, ಮಾಡುತ್ತದೆ. ಹಾಗಾಗಿ ನಾವು ಎರಡನ್ನು ಬೇರೆಬೇರೆಯಾಗಿ ಓದಬೇಕು: ನೋಡುಗ ಎಷ್ಟು ಹೊತ್ತು ನಿಂತ, ಮತ್ತು ಯಾರಿಗೆ ಕಳಿಸಿದ. ಹ್ಯಾಶ್‌ಟ್ಯಾಗ್ ಚರ್ಚೆಗೆ ಇದರ ಹತ್ತನೇ ಒಂದು ಪಾಲು ಸಮಯವೂ ಬೇಡ.

ನಿಲ್ಲುವುದರಿಂದ ಶುರುಮಾಡೋಣ. ಯೂಟ್ಯೂಬ್ 2012ರಲ್ಲೇ ಬರೀ ವ್ಯೂ ಎಣಿಸುವುದನ್ನು ಬಿಟ್ಟು ನೋಡಿದ ಸಮಯಕ್ಕೆ ತೂಕ ಕೊಡಲು ಆರಂಭಿಸಿತು. ಬಸವನಗುಡಿಯ ಕಡಲೆಕಾಯಿ ಪರಿಷೆ ಮೇಲೆ 40 ಸೆಕೆಂಡಿನ ಶಾರ್ಟ್ ಒಂದಿದೆ ಅನ್ನಿ. ಮೊದಲ 3 ಸೆಕೆಂಡು ಲೋಗೋ, ‘ಎಲ್ಲರಿಗೂ ನಮಸ್ಕಾರ’. ನೂರರಲ್ಲಿ ಎಷ್ಟು ಜನ ಇನ್ನೂ ನೋಡುತ್ತಿದ್ದಾರೆಂದು ಕ್ಷಣಕ್ಷಣಕ್ಕೂ ತೋರಿಸುವ ರಿಟೆನ್ಷನ್ ಗ್ರಾಫ್ ಅಲ್ಲೇ 100ರಿಂದ 60ಕ್ಕೆ ಜಾರುತ್ತದೆ. ಆಮೇಲೆ ಎಷ್ಟು ಚೆನ್ನಾಗಿದ್ದರೂ ಹೋದ 40 ಜನ ವಾಪಸ್ ಬರುವುದಿಲ್ಲ. ಅದರ ಬದಲು ಸೇರಿನಿಂದ ಕಡಲೆಕಾಯಿ ಸುರಿಯುವ ಶಾಟ್‌ನಿಂದಲೇ ತೆರೆಯಿರಿ. ಮೇಲೆ ‘ಸೇರಿಗೆ ಎಷ್ಟು?’ ಅನ್ನುವ ಅಕ್ಷರ; ಉತ್ತರ 30ನೇ ಸೆಕೆಂಡಿನಲ್ಲಿ. ಗ್ರಾಫ್‌ನಲ್ಲಿ ಗೆರೆ ಮಟ್ಟಸವಾಗಿದ್ದರೆ ಜನ ಕೂತಿದ್ದಾರೆ. ಎಲ್ಲಾದರೂ ಉಬ್ಬಿದರೆ ಆ ಜಾಗವನ್ನು ಮತ್ತೆ ನೋಡಿದ್ದಾರೆ. ಮುಂದಿನ ವಿಡಿಯೋದ ಆರಂಭ ಅಲ್ಲೇ ಸಿಗುತ್ತದೆ. ‘ಲೈಕ್ ಮಾಡಿ, ಸಬ್‌ಸ್ಕ್ರೈಬ್ ಆಗಿ’ ಶುರುವಾದ ಕ್ಷಣ ಗೆರೆ ಕುಸಿಯುತ್ತದೆ, ಅದನ್ನು ಕತ್ತರಿಸಿ. 2025ರ ಮಾರ್ಚ್ 31ರಿಂದ ಶಾರ್ಟ್ಸ್ ಪ್ಲೇ ಆದ ಕೂಡಲೇ ಒಂದು ವ್ಯೂ ಲೆಕ್ಕಕ್ಕೆ ಬರುತ್ತದೆ, ಮರುಪ್ಲೇ ಕೂಡ. ಹಾಗಾಗಿ ಹಳೆಯ ಅಂಕಿಯ ಜೊತೆ ಹೋಲಿಸಿ ಬೀಗಬೇಡಿ.

ಕಳಿಸುವುದು ಬೇರೆ ವಿಷಯ. ಇನ್‌ಸ್ಟಾಗ್ರಾಮ್ ಮುಖ್ಯಸ್ಥ ಆ್ಯಡಂ ಮೊಸೆರಿ 2025ರ ಜನವರಿಯಲ್ಲಿ ಹೇಳಿದಂತೆ, ವಿಡಿಯೋ ಎಷ್ಟು ಜನಕ್ಕೆ ತಲುಪಬೇಕೆಂದು ನಿರ್ಧರಿಸುವ ಮೂರು ಮುಖ್ಯ ಸೂಚಕಗಳು ನೋಡಿದ ಸಮಯ, ಲೈಕ್, ಕಳಿಸಿದ್ದು. ಫಾಲೋ ಮಾಡದವರಿಗೆ ತಲುಪಲು ಮೂರನೆಯದೇ ಹೆಚ್ಚು ಮುಖ್ಯ. ಆದ್ದರಿಂದ ಸ್ಕ್ರಿಪ್ಟ್ ಬರೆಯುವಾಗಲೇ ಕೇಳಿಕೊಳ್ಳಿ: ಇದನ್ನು ಯಾರು ಯಾರಿಗೆ ಕಳಿಸುತ್ತಾರೆ? ‘ಬೆಂಗಳೂರಿನ ಜೀವನ’ ಅನ್ನುವ ವಿಡಿಯೋಗೆ ವಿಳಾಸವಿಲ್ಲ. ಮನೆ ಖಾಲಿ ಮಾಡುವಾಗ ಪೇಂಟಿಂಗ್ ಹೆಸರಲ್ಲಿ ಅಡ್ವಾನ್ಸ್‌ನಿಂದ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರಲ್ಲ, ಅದಕ್ಕೆ ಮುಂಚೆಯೇ ಕರಾರಿನಲ್ಲಿ ಏನು ನೋಡಬೇಕು, ಮೊದಲ ದಿನ ಯಾವ ಗೋಡೆಗಳ ಫೋಟೋ ತೆಗೆದಿಡಬೇಕು ಅನ್ನುವುದಕ್ಕೆ ವಿಳಾಸವಿದೆ. ಮನೆ ಹುಡುಕುತ್ತಿರುವ ಒಬ್ಬ ಗೆಳೆಯ ಎಲ್ಲರಿಗೂ ಇರುತ್ತಾನೆ.

ಭಾವನೆಯ ಬಗ್ಗೆ ಬರ್ಜರ್ ಮತ್ತು ಮಿಲ್ಕ್‌ಮನ್ ಅವರ 2012ರ ಅಧ್ಯಯನವನ್ನು ಎಲ್ಲರೂ ಉದ್ಧರಿಸುತ್ತಾರೆ. ನ್ಯೂಯಾರ್ಕ್ ಟೈಮ್ಸ್‌ನ ಸುಮಾರು 7,000 ಬರಹಗಳಲ್ಲಿ ಬೆರಗು, ಸಿಟ್ಟು, ಆತಂಕ ಹುಟ್ಟಿಸಿದವು ಹೆಚ್ಚು ಹಂಚಿಕೆಯಾದವು; ದುಃಖದವು ಕಡಿಮೆ. ನಮ್ಮೂರಲ್ಲಿ ಟಬೆಬುಯಾ ಹೂಮರ ಅರಳಿದ ಬೀದಿ ಬೆರಗು, ನೀರು ತುಂಬಿದ ಅಂಡರ್‌ಪಾಸ್ ಸಿಟ್ಟು. ಆದರೆ ನೆನಪಿಡಿ, ಅದು ಓದುಗರು ಇಮೇಲ್‌ನಲ್ಲಿ ಕಳಿಸಿದ ಲೇಖನಗಳ ಅಧ್ಯಯನ, ರೀಲ್ಸ್‌ನದಲ್ಲ. ಪರೀಕ್ಷೆಯಲ್ಲಿ ಈ ಮಿತಿ ಬರೆಯಿರಿ. ಇನ್ನು, ಸಿಟ್ಟಿನ ವಿಡಿಯೋ ಬೇಗ ಓಡುತ್ತದೆ ನಿಜ, ಆದರೆ ಸುಳ್ಳೂ ಅದೇ ದಾರಿಯಲ್ಲಿ ಓಡುತ್ತದೆ. ಹಳೆಯ ಮಳೆಯ ದೃಶ್ಯವನ್ನು ಇವತ್ತಿನದೆಂದು ಹಾಕಿದರೆ ಕಾಮೆಂಟ್‌ನಲ್ಲೇ ಸಿಕ್ಕಿಬೀಳುತ್ತೀರಿ.

ತಾಂತ್ರಿಕ ವಿಷಯ ಚಿಕ್ಕದು: ನೆಟ್ಟಗೆ ನಿಂತ (ವರ್ಟಿಕಲ್) ಫ್ರೇಮ್, 1080×1920 ಪಿಕ್ಸೆಲ್. ಮೆಟ್ರೋದಲ್ಲಿ ಸೌಂಡ್ ಆಫ್ ಮಾಡಿ ನೋಡುವವರಿಗಾಗಿ ಕನ್ನಡ ಸಬ್‌ಟೈಟಲ್. ಫ್ರೇಮ್‌ನ ಕೆಳಗಿನ ಮೂರನೇ ಒಂದು ಭಾಗದಲ್ಲಿ ಅಕ್ಷರ ಬೇಡ, ಬಟನ್ ಮತ್ತು ವಿವರಣೆ ಅದನ್ನು ಮುಚ್ಚುತ್ತವೆ. ಬೇರೆ ಆ್ಯಪ್‌ನ ವಾಟರ್‌ಮಾರ್ಕ್ ಇದ್ದ ರೀಲ್ಸ್ ಅನ್ನು ಇನ್‌ಸ್ಟಾಗ್ರಾಮ್ 2021ರಿಂದಲೂ ಕಡಿಮೆ ಶಿಫಾರಸು ಮಾಡುತ್ತದೆ.

ಇಷ್ಟಾದರೂ ಅದೃಷ್ಟದ ಪಾಲು ಉಳಿಯುತ್ತದೆ. 2006ರ ಪ್ರಯೋಗವೊಂದರಲ್ಲಿ 14,000ಕ್ಕೂ ಹೆಚ್ಚು ಜನರನ್ನು ಬೇರೆಬೇರೆ ಗುಂಪು ಮಾಡಿ, ಅವೇ 48 ಹಾಡುಗಳನ್ನು ಕೊಟ್ಟರು. ಇತರರ ಆಯ್ಕೆ ಕಾಣುವಂತಿದ್ದಾಗ ಒಂದು ಗುಂಪಿನ ಹಿಟ್ ಇನ್ನೊಂದರಲ್ಲಿ ಹಿಟ್ ಆಗಲೇಬೇಕೆಂದಿರಲಿಲ್ಲ. ತೀರಾ ಒಳ್ಳೆಯದು ಪೂರ್ತಿ ಸೋಲುವುದು ಅಪರೂಪ, ತೀರಾ ಕೆಟ್ಟದ್ದು ಗೆಲ್ಲುವುದೂ ಅಪರೂಪ. ನಡುವಿನದ್ದು ಏನು ಬೇಕಾದರೂ ಆಗಬಹುದು. ಹಾಗಾಗಿ ಒಂದೇ ವಿಡಿಯೋ ನೋಡಿ ತೀರ್ಮಾನ ಬೇಡ. ಒಂದೇ ವಿಷಯಕ್ಕೆ ಮೂರು ಆರಂಭ ಮಾಡಿ, ಉಳಿದದ್ದೆಲ್ಲ ಹಾಗೇ ಇಡಿ. ಇನ್‌ಸ್ಟಾಗ್ರಾಮ್‌ನ ಟ್ರಯಲ್ ರೀಲ್ಸ್ ಮೊದಲು ಫಾಲೋ ಮಾಡದವರಿಗೆ ಮಾತ್ರ ತೋರಿಸುವುದರಿಂದ, ನೆಂಟರಿಷ್ಟರ ಲೈಕ್ ಸೇರದ ಅಂಕಿ ಅಲ್ಲಿ ಸಿಗುತ್ತದೆ.