ಐದು ನ್ಯಾನೊಮೋಲಾರ್ ಪಾದರಸ: ಹೊಳೆಯುವ ಪ್ರೋಟೀನ್ ಸೆನ್ಸರ್‌ಗಳು ನಡೆದು ಬಂದ ದಾರಿ

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಪಾದರಸ 1 ಮೈಕ್ರೊಗ್ರಾಂ ದಾಟುವಂತಿಲ್ಲ. ಪಾದರಸದ ಪರಮಾಣು ತೂಕ 200.6. ಭಾಗಿಸಿ ನೋಡಿದರೆ ಅದು ಸುಮಾರು 5 ನ್ಯಾನೊಮೋಲಾರ್; ಒಂದು ನ್ಯಾನೊಮೋಲಾರ್ ಎಂದರೆ ಲೀಟರಿಗೆ ಒಂದು ಮೋಲ್‌ನ ನೂರು ಕೋಟಿಯಲ್ಲೊಂದು ಪಾಲು. ನಿರವಯವ ಪಾದರಸಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಿತಿ 6 ಮೈಕ್ರೊಗ್ರಾಂ, ಅಂದರೆ 30 ನ್ಯಾನೊಮೋಲಾರ್. ಹೊಳೆಯುವ ಪ್ರೋಟೀನ್ ಬಳಸಿ ವಿಷಲೋಹ ಹಿಡಿಯುವ ಸುದ್ದಿಗಳನ್ನು ಓದುವಾಗ ಈ ಎರಡು ಅಂಕಿ ಕೈಯಲ್ಲಿರಬೇಕು. ‘ನ್ಯಾನೊಮೋಲಾರ್ ಮಟ್ಟದಲ್ಲಿ ಪತ್ತೆ’ ಎಂಬ ಮಾತು ಜೀವಕೋಶದೊಳಗೆ ಒಂದು ಅರ್ಥ ಕೊಡುತ್ತದೆ, ಶುದ್ಧ ಬಫರ್‌ನಲ್ಲಿ (ಪಿಎಚ್ ಸ್ಥಿರವಾಗಿಡುವ ಪ್ರಯೋಗಾಲಯದ ದ್ರಾವಣದಲ್ಲಿ) ಇನ್ನೊಂದು, ಬಾವಿ ನೀರಿನಲ್ಲಿ ಮತ್ತೊಂದು. ಮೂರನ್ನೂ ಒಂದೇ ಎಂದು ಓದಿಕೊಂಡಲ್ಲೇ ವಿಷಯ ಸಿಕ್ಕಾಗಿದೆ.

ಮೂಲ ಕಥೆ ಗೊತ್ತಿರುವಂಥದ್ದೇ. 1962ರಲ್ಲಿ ಒಸಾಮು ಶಿಮೊಮುರಾ ಜೆಲ್ಲಿ ಮೀನಿನಲ್ಲಿ ಹಸಿರಾಗಿ ಹೊಳೆಯುವ ಪ್ರೋಟೀನ್, ಅಂದರೆ ಜಿಎಫ್‌ಪಿ, ಕಂಡರು. 1992ರಲ್ಲಿ ಡಗ್ಲಸ್ ಪ್ರಾಷರ್ ಅದರ ಜೀನ್ ಬೇರ್ಪಡಿಸಿದರು. 1994ರಲ್ಲಿ ಮಾರ್ಟಿನ್ ಚಾಲ್ಫೀ ಬ್ಯಾಕ್ಟೀರಿಯಾ ಮತ್ತು ಹುಳುವಿನಲ್ಲಿ ಅದನ್ನು ಬೆಳಗಿಸಿದರು. 1997ರಲ್ಲಿ ರೋಜರ್ ಸಿಯೆನ್ ಅವರ ಪ್ರಯೋಗಾಲಯ ಕ್ಯಾಲ್ಸಿಯಂ ಅಳೆಯುವ ಪ್ರೋಟೀನ್ ಕಟ್ಟಿತು. ಕ್ಯಾಲ್ಸಿಯಂ ಆದ ಮೇಲೆ ಪಾದರಸ, ಸೀಸ, ಕ್ಯಾಡ್ಮಿಯಂ ಯಾಕಾಗಬಾರದು ಎಂಬ ಪ್ರಶ್ನೆ ಏಳುವುದು ಸಹಜವಾಗಿತ್ತು.

ಪಾದರಸದ ಮಟ್ಟಿಗೆ ಇನ್ನೊಂದು ವಂಶ ಮೊದಲೇ ಇತ್ತು. ಪಾದರಸ ತಾಳಿಕೊಳ್ಳುವ ಬ್ಯಾಕ್ಟೀರಿಯಾಗಳಲ್ಲಿ ಮರ್‌ಆರ್ ಎಂಬ ಪ್ರೋಟೀನ್ ಇದೆ. ಅದರ ಮೂರು ಸಿಸ್ಟೀನ್‌ಗಳ (ಗಂಧಕವಿರುವ ಅಮೈನೋ ಆಮ್ಲ) ನಡುವೆ ಪಾದರಸ ಕೂತೊಡನೆ ರಕ್ಷಣೆಯ ಜೀನ್‌ಗಳು ಚಾಲೂ ಆಗುತ್ತವೆ. ಆ ಸ್ವಿಚ್‌ಗೆ ಬೆಳಕು ಕೊಡುವ ಜೀನ್ ಜೋಡಿಸಿದ ಬ್ಯಾಕ್ಟೀರಿಯಾ 1993ರಲ್ಲೇ ಪ್ರಕಟವಾಗಿತ್ತು. ಮುಂದೆ ಅದೇ ಜಾಗಕ್ಕೆ ಜಿಎಫ್‌ಪಿ ಬಂತು. ಆರ್ಸೆನಿಕ್‌ಗೂ ಆರ್ಸ್‌ಆರ್ ಎಂಬ ಸ್ವಿಚ್ ಬಳಸಿ ಇಂಥ ಕೋಶಗಳಾದವು. ನಮ್ಮ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಂಥ ಕಡೆ, ಅಂತರ್ಜಲದಲ್ಲೇ ಆರ್ಸೆನಿಕ್ ಇರುವಲ್ಲಿ, ಅಗ್ಗದ ಪರೀಕ್ಷೆ ಎಷ್ಟು ಬೇಕು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈ ಕೋಶಗಳು ಜೀವಂತವಾಗಿರಬೇಕು, ಪ್ರೋಟೀನ್ ತಯಾರಿಸಬೇಕು, ಆಮ್ಲಜನಕ ಸಿಕ್ಕಿ ಆ ಪ್ರೋಟೀನ್ ಮಾಗಬೇಕು. ಉತ್ತರಕ್ಕೆ ಗಂಟೆಗಟ್ಟಲೆ ಕಾಯಬೇಕು.

ಕಾಯದೆ, ಪ್ರೋಟೀನೇ ನೇರವಾಗಿ ಲೋಹ ಹಿಡಿದು ಬಣ್ಣ ಕಳೆದುಕೊಳ್ಳುವಂತೆ ಮಾಡಿದ ಒಳ್ಳೆಯ ಉದಾಹರಣೆ 2008ರದ್ದು, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕೇಂದ್ರದಿಂದ ಬಂದದ್ದು. ಜಿಎಫ್‌ಪಿ 238 ಅಮೈನೋ ಆಮ್ಲಗಳ ಒಂದು ಪೀಪಾಯಿ. ಬೆಳಕು ಕೊಡುವ ಭಾಗ ನಡುವೆ, 65ರಿಂದ 67ನೇ ಸ್ಥಾನಗಳಲ್ಲಿ. ಅದಕ್ಕೆ ಹತ್ತಿರವೇ 205ನೇ ಸ್ಥಾನದಲ್ಲಿ ಸೆರಿನ್ ಎಂಬ ಅಮೈನೋ ಆಮ್ಲ ಇದೆ. ಅದನ್ನು ಸಿಸ್ಟೀನ್ ಮಾಡಿದರು. ಜಿಎಫ್‌ಪಿಯ ಹೆಚ್ಚು ಹೊಳೆಯುವ ರೂಪವಾದ ಇಜಿಎಫ್‌ಪಿಯ ಜೀನ್‌ನಲ್ಲಿ ಇದು ಟಿಸಿಸಿ ಇದ್ದದ್ದು ಟಿಜಿಸಿ ಆಗುವ ಒಂದೇ ಅಕ್ಷರದ ಬದಲಾವಣೆ. ಗಂಧಕದ ಮೇಲೆ ಪಾದರಸಕ್ಕಿರುವ ಸೆಳೆತ ಉಳಿದದ್ದನ್ನು ಮಾಡಿತು: ಸೆಕೆಂಡಿನೊಳಗೆ ಬಂಧ, ಹೊಳಪಿನಲ್ಲಿ ದೊಡ್ಡ ಬದಲಾವಣೆ, ಕೆಲವೇ ನ್ಯಾನೊಮೋಲಾರ್‌ವರೆಗೆ ಪತ್ತೆ. ಅವರ ಗುರಿ ಜೀವಕೋಶದೊಳಗೆ ಹೊಕ್ಕ ಪಾದರಸವನ್ನು ನೋಡುವುದಾಗಿತ್ತು. ಆ ಕೆಲಸಕ್ಕೆ ಅದು ನಿಜಕ್ಕೂ ಸೊಗಸಾದ ಸಾಧನ.

ಇದನ್ನೇ ನೀರಿನ ಪರೀಕ್ಷೆಗೆ ಎಳೆದು ತಂದಾಗ ಲೆಕ್ಕ ಬದಲಾಗುತ್ತದೆ. ಕ್ಯುವೆಟ್‌ನಲ್ಲಿ (ಬೆಳಕು ಅಳೆಯಲು ಬಳಸುವ ಪುಟ್ಟ ಪಾತ್ರೆ) 100 ನ್ಯಾನೊಮೋಲಾರ್ ಪ್ರೋಟೀನ್ ಇದ್ದು ನೀರಿನಲ್ಲಿ ಪಾದರಸ 5 ನ್ಯಾನೊಮೋಲಾರ್ ಮಾತ್ರ ಇದ್ದರೆ, ಅದಷ್ಟೂ ಬಂಧಿಸಿದರೂ ನೂರರಲ್ಲಿ ಐದು ಅಣುಗಳಷ್ಟೇ ಬದಲಾಗುತ್ತವೆ. ಹಲವು ಮಾದರಿಗಳ ಹೊಳಪು ಒಟ್ಟಿಗೆ ಅಳೆಯುವ ಪ್ಲೇಟ್ ರೀಡರ್‌ನಲ್ಲಿ ಒಂದು ಗುಂಡಿಗೂ ಪಕ್ಕದ ಗುಂಡಿಗೂ ಅಷ್ಟು ವ್ಯತ್ಯಾಸ ಸುಮ್ಮನೆ ಬರುತ್ತದೆ. ಪ್ರೋಟೀನ್ 10 ನ್ಯಾನೊಮೋಲಾರ್‌ಗೆ ಇಳಿಸಬೇಕು. ಇಳಿಸಿದರೆ ಪ್ರೋಟೀನೂ ಪಾದರಸವೂ ಪಾತ್ರೆಯ ಗೋಡೆಗೆ ಅಂಟಿ ಕಳೆದುಹೋಗುತ್ತವೆ. 0.01 ಶೇಕಡಾ ಟ್ವೀನ್-20 ಎಂಬ ಮಾರ್ಜಕ ಸೇರಿಸುವುದು ಒಂದು ಉಪಾಯ. ಅಭ್ಯಾಸಬಲದಿಂದ ಬಿಎಸ್‌ಎ ಎಂಬ ದನದ ರಕ್ತದ ಪ್ರೋಟೀನ್ ಹಾಕಬಾರದು. ಅದರ ಬಿಡಿ ಸಿಸ್ಟೀನ್ ಪಾದರಸವನ್ನು ತಾನೇ ಹಿಡಿದುಕೊಳ್ಳುತ್ತದೆ.

ಪ್ರೋಟೀನ್ ತಯಾರಿಕೆಯಲ್ಲೂ ಬಲೆಗಳಿವೆ. ಪ್ರೋಟೀನ್ ಶುದ್ಧೀಕರಿಸುವ ನಿಕ್ಕೆಲ್ ಕಾಲಮ್‌ಗೆ ಅಂಟಲೆಂದು ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಆರರ ಬಾಲ ಕಟ್ಟುವುದು ವಾಡಿಕೆ. ಅದೇ ಬಾಲ ತಾಮ್ರವನ್ನೂ ಹಿಡಿಯುತ್ತದೆ, ತಾಮ್ರ ಹೊಳಪನ್ನು ನಂದಿಸುತ್ತದೆ. ಹಾಗಾಗಿ ಟಿಇವಿ ಕಿಣ್ವದಿಂದ ಬಾಲ ಕತ್ತರಿಸಬೇಕು. ಉಳಿದ ನಿಕ್ಕೆಲ್ ಅನ್ನು ಲೋಹ ಹಿಡಿಯುವ ಇಡಿಟಿಎಯಿಂದ ತೆಗೆದು, ಇಡಿಟಿಎಯನ್ನೂ ಸಣ್ಣ ಅಣುಗಳನ್ನು ಬೇರ್ಪಡಿಸುವ ಡೀಸಾಲ್ಟಿಂಗ್ ಕಾಲಮ್‌ನಲ್ಲಿ ಕಳೆಯಬೇಕು. ಸಿಸ್ಟೀನ್ ಆಕ್ಸಿಡೀಕರಣವಾಗದಿರಲು ಹಾಕಿದ, ಗಂಧಕವಿರುವ ಡಿಟಿಟಿ ಎಂಬ ರಾಸಾಯನಿಕ ಚೂರು ಉಳಿದರೂ ಪಾದರಸ ಮೊದಲು ಅದರ ಬಳಿಗೇ ಹೋಗುತ್ತದೆ. ಪೂರ್ತಿ ತೆಗೆದ ಪ್ರೋಟೀನ್ ಒಂದೆರಡು ದಿನ ಕೂತರೆ ಜೋಡಿ ಜೋಡಿಯಾಗಿ ಅಂಟಿಕೊಳ್ಳಬಹುದು. ಅಳೆಯುವ ದಿನವೇ ಡಿಟಿಟಿ ಕಳೆದು ಬಳಸುವುದು ಕ್ಷೇಮ. ಬಫರ್ ಹೆಪೆಸ್ ಆಗಿರಲಿ, ಪಿಎಚ್ 7.4. ಟ್ರಿಸ್ ಎಂಬ ಇನ್ನೊಂದು ಬಫರ್ ತಾಮ್ರಕ್ಕೆ ಅಂಟುತ್ತದೆ. ಸೀಸ ಅಳೆಯುವಾಗ ಫಾಸ್ಫೇಟ್ ಬಫರ್ ಬಳಸಿದರೆ ಸೀಸ ತಳಕ್ಕಿಳಿಯುತ್ತದೆ. ಜಿಎಫ್‌ಪಿಯಲ್ಲಿ ಮೊದಲೇ ಇರುವ 48ನೇ ಸಿಸ್ಟೀನ್ ಅನ್ನು ಸೆರಿನ್ ಮಾಡಿದರೆ ಪಾದರಸ ಹೊಳಪಿಗೆ ಸಂಬಂಧವಿಲ್ಲದ ಜಾಗದಲ್ಲಿ ಕೂರುವುದು ತಪ್ಪುತ್ತದೆ.

ಎಲ್ಲಕ್ಕಿಂತ ತೊಂದರೆ ಕೊಡುವುದು ಮಾದರಿ ನೀರು. ಪಾದರಸ ಗೋಡೆಗೆ ಅಂಟದಿರಲೆಂದು ಅದಕ್ಕೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಡುತ್ತಾರೆ. ಪರೀಕ್ಷೆಗೆ ಮೊದಲು ಅದನ್ನು ಸರಿಯಾಗಿ ತಟಸ್ಥಗೊಳಿಸದಿದ್ದರೆ ಇಜಿಎಫ್‌ಪಿ ತಾನೇ ಮಂಕಾಗುತ್ತದೆ. ಪಿಎಚ್ 6ರ ಹೊತ್ತಿಗೆ ಹೊಳಪು ಸುಮಾರು ಅರ್ಧ. ಮಂಕಾಗುವುದೇ ಸಂಕೇತವಾದ ಸೆನ್ಸರ್‌ನಲ್ಲಿ ಇದು ಪಾದರಸವೆಂದೇ ಕಾಣುತ್ತದೆ. ಕೆಸರು, ಎಲೆ ಕೊಳೆತ ಬಣ್ಣದ ನೀರು ಕೂಡ ಬೆಳಕು ನುಂಗುತ್ತವೆ. ಅದಕ್ಕೇ 205ರಲ್ಲಿ ಸೆರಿನ್ ಉಳಿಸಿಕೊಂಡ ಜೋಡಿ ಪ್ರೋಟೀನ್ ಅನ್ನು ಅದೇ ನೀರಿನಲ್ಲಿ ಪಕ್ಕದಲ್ಲೇ ಅಳೆಯಬೇಕು, ಮಾದರಿಯ ಒಂದು ಪಾಲಿಗೆ 5, ಇನ್ನೊಂದಕ್ಕೆ 10 ನ್ಯಾನೊಮೋಲಾರ್ ಪಾದರಸ ಸೇರಿಸಿ ಅದು ಮರಳಿ ಸಿಗುತ್ತದೆಯೇ ಎಂದು ನೋಡಬೇಕು. ಹೊಸ ಸೆನ್ಸರ್‌ಗಳ ಸಾಲು ಬೆಳೆದಷ್ಟು ಇಂಥ ಪರೀಕ್ಷೆಗಳು ಬೆಳೆದಿಲ್ಲ ಎಂಬುದು ಬೇಸರದ ಸಂಗತಿ.

ಇನ್ನೊಂದು ಅಂತರ ಇದೆ. 1956ರಲ್ಲಿ ಜಪಾನಿನ ಮಿನಮಾಟಾದಲ್ಲಿ ಬೆಳಕಿಗೆ ಬಂದ ಕಾಯಿಲೆಗೆ ಕಾರಣ ಮೀನಿನಲ್ಲಿ ಸೇರಿದ್ದ ಮೀಥೈಲ್ ಪಾದರಸ. ಅದು ಒಂದೇ ಗಂಧಕಕ್ಕೆ ಬಂಧಿಸುತ್ತದೆ. ಮರ್‌ಆರ್ ಸ್ವಿಚ್ ಅದನ್ನು ಗುರುತಿಸಬೇಕಾದರೆ ಮರ್‌ಬಿ ಎಂಬ ಕಿಣ್ವ ಮೊದಲು ಆ ಇಂಗಾಲದ ಕೊಂಡಿ ಮುರಿಯಬೇಕು. ಆ ಕಿಣ್ವವಿಲ್ಲದ ಕೋಶ ಮೀನಿನ ಮಾದರಿಗೆ ಪಾದರಸ ಇಲ್ಲವೆಂದು ಉತ್ತರ ಕೊಟ್ಟರೆ, ಅದು ಮೀಥೈಲ್ ಪಾದರಸದ ಬಗ್ಗೆ ಏನನ್ನೂ ಹೇಳಿದಂತಲ್ಲ.