ಜಾನ್ ಬೌಸ್: ಒಂದು ಕಲ್ಲಿದ್ದಲು ಹಡಗಿನ 81 ವರ್ಷ

ಹಬೆ ಹಡಗು ಬಂತು, ವೇಗದಲ್ಲಿ ಹಾಯಿಹಡಗನ್ನು ಸೋಲಿಸಿತು ಎಂದು ಸುಮ್ನೆ ಹೇಳಿ ಮುಂದೆ ಹೋಗುವವರೇ ಹೆಚ್ಚು. ವೇಗಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ: ಗಾಳಿಗೆ ಕಾಯದೆ ಹೇಳಿದ ಹೊತ್ತಿಗೆ ಬರುವುದು. ಅದು ಜಾನ್ ಬೌಸ್ ಎಂಬ ಹಬೆಯ ಸರಕು ಹಡಗಿನ ಲೆಕ್ಕದಲ್ಲಿ ಚೆನ್ನಾಗಿ ಕಾಣುತ್ತದೆ.

1852ರಲ್ಲಿ ಇಂಗ್ಲೆಂಡಿನ ಟೈನ್ ನದಿ ದಂಡೆಯ ಜಾರೋದಲ್ಲಿ ಹಡಗು ಕಟ್ಟುವ ಉದ್ಯಮಿ ಚಾರ್ಲ್ಸ್ ಪಾಮರ್ ಇದನ್ನು ಕಟ್ಟಿಸಿ ನೀರಿಗಿಳಿಸಿದರು. ಒಡಲು ಕಬ್ಬಿಣದ್ದು, ತಳ್ಳುವುದು ಪ್ರೊಪೆಲ್ಲರ್. ಗಣಿ ವ್ಯಾಪಾರದಲ್ಲಿ ಅವರ ಪಾಲುದಾರರಾಗಿದ್ದವರ ಹೆಸರನ್ನೇ ಹಡಗಿಗೆ ಇಟ್ಟರು. ಆಗ ಒಳನಾಡಿನ ಕಲ್ಲಿದ್ದಲು ರೈಲಿನಲ್ಲಿ ಲಂಡನ್ ಸೇರತೊಡಗಿತ್ತು. ಹಾಯಿಹಡಗಿನಲ್ಲಿ ಕಲ್ಲಿದ್ದಲು ಕಳಿಸುತ್ತಿದ್ದ ಟೈನ್ ಕಡೆಯ ಗಣಿಗಳಿಗೆ ಲಂಡನ್ ಮಾರುಕಟ್ಟೆ ಕೈತಪ್ಪುವ ಭಯ ಹತ್ತಿತ್ತು.

ಮೊದಲ ಯಾನದ ಲೆಕ್ಕವನ್ನು ಪಾಮರ್ ಅವರೇ ಕೊಟ್ಟಿದ್ದಾರೆ. 650 ಟನ್ ಕಲ್ಲಿದ್ದಲು ತುಂಬಲು 4 ಗಂಟೆ. ಲಂಡನ್ ತಲುಪಲು 48. ಇಳಿಸಲು 24. ವಾಪಸ್ ಬರಲು ಮತ್ತೆ 48. ಅಂದರೆ ಸುಮಾರು ಐದು ದಿನ. ಇದೇ ಕೆಲಸಕ್ಕೆ ಎರಡು ಹಾಯಿಹಡಗುಗಳಿಗೆ ತಿಂಗಳ ಮೇಲೆ ಬೇಕಿತ್ತು. ಒಳ್ಳೆಯ ಗಾಳಿ ಸಿಕ್ಕರೆ ಹಾಯಿಹಡಗೂ ಜೋರಾಗಿ ಓಡುತ್ತದೆ. ಆದರೆ ಗಾಳಿ ಎದುರಾದರೆ ಬಂದರಿನಲ್ಲೇ ಕಾಯಬೇಕು. ಹಬೆ ಹಡಗು ಯಾವಾಗ ಬರುತ್ತದೆಂದು ಮೊದಲೇ ಹೇಳಬಹುದು, ವ್ಯಾಪಾರಿಗೆ ಬೇಕಾದ್ದು ಅದೇ ಅಲ್ವಾ?

ಇನ್ನೊಂದು ತೊಡಕು ಹಿಂದಿರುಗುವಾಗಿನದು. ಲಂಡನ್ನಿನಿಂದ ಹಡಗು ಖಾಲಿ ಬರಬೇಕು. ಖಾಲಿ ಹಡಗು ಎತ್ತರಕ್ಕೆ ತೇಲುತ್ತದೆ, ಅಲೆಗೆ ಹೊಯ್ದಾಡುತ್ತದೆ, ಪ್ರೊಪೆಲ್ಲರ್ ನೀರಿನಿಂದ ಮೇಲೇಳುತ್ತದೆ. ಹಾಗಾಗಿ ತಳಕ್ಕೆ ಭಾರ ಬೇಕು. ಹಾಯಿಹಡಗಿನವರು ಮರಳು, ಜಲ್ಲಿ ತುಂಬಿಕೊಂಡು ಬಂದು ಟೈನ್ ದಂಡೆಯಲ್ಲಿ ಸುರಿಯುತ್ತಿದ್ದರು. ಆ ರಾಶಿಗಳು ಅಲ್ಲಿ ಗುಡ್ಡಗಳೇ ಆಗಿದ್ದವು! ತುಂಬುವುದಕ್ಕೂ ಖರ್ಚು, ಇಳಿಸುವುದಕ್ಕೂ ಖರ್ಚು, ಮೇಲೆ ದಿನಗಳ ನಷ್ಟ. ಕಲ್ಲಿದ್ದಲಿನ ಹಬೆ ಹಡಗುಗಳಲ್ಲಿ ಈ ಜಾಗಕ್ಕೆ ಸಮುದ್ರದ ನೀರು ಬಂತು. ತಳದ ತೊಟ್ಟಿಗಳಿಗೆ ನೀರು ಬಿಡುವುದು, ಊರು ಸೇರಿದ ಮೇಲೆ ಪಂಪಿನಿಂದ ಹೊರಹಾಕುವುದು. ನನ್ನ ಮಟ್ಟಿಗೆ ಇಂಜಿನ್ನಿನಷ್ಟೇ ದೊಡ್ಡ ಬದಲಾವಣೆ ಇದು. ಇಂದಿನ ಸರಕು ಹಡಗುಗಳೂ ಹೀಗೇ ನೀರು ತುಂಬಿಕೊಳ್ಳುತ್ತವೆ.

ಮುಂದಿನ ಕಥೆ ದೀರ್ಘ. ಇಂಜಿನ್ ಬದಲಾಯಿತು, ಹೆಸರು ಬದಲಾಯಿತು, ಸ್ಪೇನಿನ ಒಡೆಯರೂ ಬಂದರು. ಆದರೆ ಒಡಲು ಮಾತ್ರ ಅದೇ ಹಳೆಯ ಕಬ್ಬಿಣ. 1933ರ ಅಕ್ಟೋಬರ್‌ನಲ್ಲಿ ಸ್ಪೇನಿನ ಉತ್ತರ ಕರಾವಳಿಯ ರಿಬದೆಸೆಯಾ ಬಳಿ, ಕಬ್ಬಿಣದ ಅದಿರು ಹೊತ್ತಿದ್ದಾಗಲೇ ಅದು ಮುಳುಗಿತು. ಆಗ ಅದರ ಹೆಸರು ವಿಲ್ಲಾ ಸೆಲ್ಗಾಸ್.