ಕಾರ್ಡಿನಲ್ಲಿ ‘ಎ3’ ಎಂದು ಬರೆದಿದ್ದರೆ: ಮರುಕಳಿಸುವ ಗರ್ಭಪಾತ

ನನ್ನ ತಾಯಿ ಕಾರ್ಡಿನಲ್ಲಿ ನೀಲಿ ಪೆನ್ನಿನ ಒಂದು ಸಾಲಿದೆ: ಜಿ4 ಪಿ0 ಎಲ್0 ಎ3. ತೀರ್ಥಹಳ್ಳಿ ಸೀಮೆಯ ನಮ್ಮೂರ ಉಪಕೇಂದ್ರದಲ್ಲಿ ಸಿಸ್ಟರ್ ಬರೆದದ್ದು. ಜಿ ಅಂದರೆ ಎಷ್ಟನೇ ಬಸಿರು, ಪಿ ಅಂದರೆ ಎಷ್ಟು ಹೆರಿಗೆ, ಎಲ್ ಅಂದರೆ ಬದುಕಿರುವ ಮಕ್ಕಳೆಷ್ಟು, ಎ ಅಂದರೆ ಅಬಾರ್ಷನ್. ನನಗಿದು ನಾಲ್ಕನೇ ಬಸಿರು, ಹಿಂದಿನ ಮೂರೂ ಹೋದವು. ಅಷ್ಟನ್ನೂ ಎಂಟು ಅಕ್ಷರ ಅಂಕಿಗಳಲ್ಲಿ ಬರೆದಿದ್ದಾರೆ.

ಚಿಕ್ಕಮ್ಮ ಆ ಸಾಲು ನೋಡಿ, ಹಿತ್ತಲ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಕೇಳಿದರು: ‘ಮೂರು ಸಲ ತೆಗೆಸಿದ್ಯೇನೇ?’

ಅವರದು ತಪ್ಪಲ್ಲ. ನಮ್ಮ ಮಾತಿನಲ್ಲಿ ‘ತೆಗೆಸಿದ್ದು’ ಬೇರೆ, ‘ಹೋದದ್ದು’ ಬೇರೆ. ‘ಅಬಾರ್ಷನ್ ಮಾಡಿಸಿದಳು’ ಅಂದರೆ ಒಂದು, ‘ಅಬಾರ್ಷನ್ ಆಯ್ತು’ ಅಂದರೆ ಇನ್ನೊಂದು. ಕ್ರಿಯಾಪದವೇ ಎಲ್ಲ ಹೇಳುತ್ತದೆ. ಕಾರ್ಡಿನ ‘ಎ’ಗೆ ಕ್ರಿಯಾಪದವಿಲ್ಲ. ತಾನಾಗಿ ಹೋದದ್ದಕ್ಕೂ ತೆಗೆಸಿದ್ದಕ್ಕೂ ಅದೊಂದೇ ಅಕ್ಷರ.

ಹಳಬರು ಈ ವಿಷಯದಲ್ಲಿ ಹೆಚ್ಚು ನಾಜೂಕಾಗಿದ್ದರು. ಆಯುರ್ವೇದ ನಾಲ್ಕನೇ ತಿಂಗಳವರೆಗೆ ಹೋದದ್ದನ್ನು ಗರ್ಭಸ್ರಾವ ಎಂದಿತು, ಐದು ಆರನೇ ತಿಂಗಳಲ್ಲಿ, ಮೈ ಗಟ್ಟಿಯಾದ ಮೇಲೆ ಹೋದದ್ದನ್ನು ಗರ್ಭಪಾತ ಎಂದಿತು. ಮೊದಲನೆಯದು ಹರಿದುಹೋಗುವುದು, ಎರಡನೆಯದು ಬೀಳುವುದು. ಎರಡರಲ್ಲೂ ಯಾರೂ ಏನನ್ನೂ ಮಾಡುತ್ತಿಲ್ಲ. ಈಗ ಪತ್ರಿಕೆಗಳಲ್ಲಿ ಕಾನೂನಿನ ಸುದ್ದಿಗೂ ಇದೇ ‘ಗರ್ಭಪಾತ’ ಬಳಕೆಯಾಗುವುದರಿಂದ ಆ ಪದ ಕೇಳಿದ ಕೂಡಲೇ ಕಿವಿಗೆ ‘ಮಾಡಿಸಿದ್ದು’ ಎಂದೇ ಬೀಳುತ್ತದೆ. ಕೆಲವರು ‘ಗರ್ಭನಷ್ಟ’ ಅನ್ನುತ್ತಾರೆ. ನನಗೆ ಆ ಪದ ಹಿಡಿಸಿದೆ.

ಇನ್ನು ‘ಮರುಕಳಿಸುವ’. ಜ್ವರ ಮರುಕಳಿಸಿತು ಅಂದರೆ ಅದೇ ಜ್ವರ ಮತ್ತೆ ಬಂತು ಎಂದರ್ಥ. ಆದರೆ ಮರುಕಳಿಸುವ ಗರ್ಭಪಾತ ಒಂದು ಕಾಯಿಲೆಯ ಹೆಸರಲ್ಲ, ಅದು ಬರೀ ಲೆಕ್ಕ. ಮೊದಲನೆಯದು ಒಂದು ಕಾರಣಕ್ಕೆ, ಎರಡನೆಯದು ಮತ್ತೊಂದು ಕಾರಣಕ್ಕೆ ಹೋಗಿರಬಹುದು. ಹಿಂದೆ ಇಂಗ್ಲಿಷ್ ವೈದ್ಯರು ಇದನ್ನೇ ‘ಹ್ಯಾಬಿಚುಯಲ್ ಅಬಾರ್ಷನ್’ ಎಂದು ಬರೆಯುತ್ತಿದ್ದರು. ಕಳೆದುಕೊಳ್ಳುವುದೇ ಹೆಂಗಸಿನ ಅಭ್ಯಾಸ ಎಂಬಂತೆ! ಆ ಹೆಸರು ಈಗ ಹಿಂದೆ ಸರಿದಿದೆ, ಅದರ ಕನ್ನಡದ ತಂಗಿ ಮಾತ್ರ ನಮ್ಮ ಜಗಲಿಗಳಲ್ಲಿ ಇನ್ನೂ ಕೂತಿದ್ದಾಳೆ: ‘ಅವಳಿಗೆ ಬಸಿರು ನಿಲ್ಲಲ್ಲ.’ ‘ನಿಲ್ಲಲಿಲ್ಲ’ ಅಂದರೆ ಆಗಿಹೋದ ಸಂಗತಿ. ‘ನಿಲ್ಲಲ್ಲ’ ಅಂದರೆ ಅವಳ ಗುಣ, ಮುಂದಕ್ಕೂ ಸೇರಿಸಿ ಬರೆದ ತೀರ್ಪು. ಒಂದು ‘ಲಿ’ ಬಿಟ್ಟುಹೋದರೆ ಆಗುವ ಅನ್ಯಾಯ ಇಷ್ಟು.

ಎಷ್ಟಾದರೆ ‘ಮರುಕಳಿಸುವ’ ಅನ್ನಬೇಕು? ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು ಮೂರು ಅನ್ನುತ್ತದೆ. ಯುರೋಪಿನ ಸಂತಾನ ವೈದ್ಯರ ಸಂಸ್ಥೆ 2017ರಲ್ಲಿ ಎರಡು ಸಾಕು ಎಂದಿತು, ಅಮೆರಿಕದ ತಜ್ಞರ ಸಂಸ್ಥೆಯೂ ಎರಡು ಅನ್ನುತ್ತದೆ. ಇದನ್ನು ಪಂಡಿತರ ಜಗಳ ಎಂದು ಬಿಟ್ಟುಬಿಡಬೇಡಿ. ಎರಡು ಎಂಬ ಲೆಕ್ಕ ಒಪ್ಪಿದರೆ ಎರಡನೆಯದು ಹೋದಾಗಲೇ ನೀವು ‘ಡಾಕ್ಟ್ರೇ, ಕಾರಣ ಹುಡುಕೋಣ’ ಎಂದು ಕೇಳಬಹುದು, ಮೂರನೆಯದಕ್ಕೆ ಕಾಯಬೇಕಿಲ್ಲ. ನಾನು ಕಾದೆ. ಯಾರೂ ಹೇಳಿರಲಿಲ್ಲ.

ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ ಸುಮಾರು 15 ಹೀಗೆ ಹೋಗುತ್ತವೆ. ಸಾಲಾಗಿ ಮೂರು ಹೋಗುವುದು ನೂರರಲ್ಲಿ ಒಬ್ಬರಿಗೆ. ಮೊದಲ ಮೂರು ತಿಂಗಳಲ್ಲಿ ಹೋದವುಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಭ್ರೂಣದ ವರ್ಣತಂತುಗಳ (ಕ್ರೋಮೋಸೋಮ್) ಲೆಕ್ಕ ತಪ್ಪಿರುವುದು: ಒಂದು ಹೆಚ್ಚಿರುತ್ತದೆ, ಇಲ್ಲವೇ ಕಡಿಮೆ. ಹೆಚ್ಚಿನ ಸಲ ಅಂಡ ಮಾಗುವ ಹೊತ್ತಿಗೇ ಆಗಿಬಿಡುವ ತಪ್ಪು ಅದು, ವಯಸ್ಸು ಏರಿದಂತೆ ಹೆಚ್ಚುತ್ತದೆ. ಆಮೇಲೆ ನೀವು ಮೆಟ್ಟಿಲು ಹತ್ತಿದಿರೋ, ಪರಂಗಿಹಣ್ಣು ತಿಂದಿರೋ, ಅಡಿಕೆ ಸುಲಿಯಲು ಕೂತಿರೋ, ಅದರಿಂದ ಏನೂ ಆಗಿದ್ದಲ್ಲ. ಇದನ್ನು ಎಷ್ಟು ಸಲ ಬೇಕಾದರೂ ಬರೆಯುತ್ತೇನೆ, ಏಕೆಂದರೆ ಮೊದಲನೆಯದು ಹೋದಾಗ ನಾನು ಒಂದು ಕೊಡ ನೀರು ಎತ್ತಿದ್ದನ್ನು ನೆನೆನೆನೆದು ವರ್ಷ ಕಳೆದಿದ್ದೇನೆ.

ಎರಡನೆಯದಕ್ಕೆ ಸ್ಕ್ಯಾನಿಂಗಿನಲ್ಲಿ ‘ಹಾರ್ಟ್‌ಬೀಟ್ ಬಂದಿಲ್ಲ’ ಅಂದರು. ಕ್ಲೀನ್ ಮಾಡಿದರು. ಹೊರಗೆ ಬಂದ ಅಂಶವನ್ನು ವರ್ಣತಂತು ಪರೀಕ್ಷೆಗೆ ಕಳಿಸಬಹುದು ಎಂದು ನನ್ನವರು ಎಲ್ಲೋ ಓದಿದ್ದರು, ಕೇಳಿದರು. ‘ಕಳಿಸ್ತೀವಿ’ ಅಂದರು. ಬಾಟಲಿ ನಮ್ಮ ಕೈಗೇ ಕೊಟ್ಟರು, ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ, ಕೆಂಪು ಮುಚ್ಚಳ, ಮೂಗಿಗೆ ಘಾಟು. ಬಸ್ಸಿನಲ್ಲಿ ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗದವರೆಗೆ ಅವರು ಅದನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡೇ ಹೋದರು. ಲ್ಯಾಬಿನವರು ಮುಚ್ಚಳ ತೆಗೆದು ಮೂಸಿ ವಾಪಸ್ ಕೊಟ್ಟರು. ಒಳಗಿದ್ದದ್ದು ಫಾರ್ಮಾಲಿನ್. ಅದರಲ್ಲಿ ಜೀವಕೋಶ ಸತ್ತುಹೋಗುತ್ತವೆ, ವರ್ಣತಂತು ನೋಡಲು ಅವು ಬದುಕಿರಬೇಕು. ಗಡ್ಡೆ ಪರೀಕ್ಷೆಗೆ ಫಾರ್ಮಾಲಿನ್ ಸರಿ, ಇದಕ್ಕೆ ಬೇಕಾದದ್ದು ಸ್ಟೆರೈಲ್ ಸಲೈನ್. ಕ್ಲೀನ್ ಮಾಡುವ ಮೊದಲೇ ಕೇಳಿಕೊಳ್ಳಿ, ಯಾವುದರಲ್ಲಿ ಹಾಕುತ್ತೀರಿ ಎಂದು. ಒಮ್ಮೆ ಕೈತಪ್ಪಿದರೆ, ಆ ಬಸಿರು ಯಾಕೆ ಹೋಯಿತು ಎಂಬುದರ ಉತ್ತರ ಮತ್ತೆ ಸಿಗುವುದಿಲ್ಲ.

ತಂದೆತಾಯಿಯ ವರ್ಣತಂತುವನ್ನೂ ನೋಡುತ್ತಾರೆ, ಇಬ್ಬರದೂ. ಗಂಡನ ರಕ್ತ ಯಾಕೆ ಎಂದು ಮನೆಯಲ್ಲಿ ಹುಬ್ಬೇರಿಸಿದರು. ಹೀಗೆ ಪದೇಪದೇ ಕಳೆದುಕೊಂಡ ನೂರು ಜೋಡಿಗಳಲ್ಲಿ ಎರಡರಿಂದ ಐದು ಜೋಡಿಗಳಲ್ಲಿ ಒಬ್ಬರ ವರ್ಣತಂತುವಿನ ತುಂಡುಗಳು ಅದಲುಬದಲಾಗಿರುತ್ತವೆ. ಒಂದು ಪುಸ್ತಕದ ಹಾಳೆ ಇನ್ನೊಂದರಲ್ಲಿ ಸೇರಿಸಿ ಹೊಲಿದ ಹಾಗೆ. ಎರಡೂ ಪುಸ್ತಕ ಕೈಯಲ್ಲಿದ್ದವರಿಗೆ ಏನೂ ಕೊರತೆಯಿಲ್ಲ, ಅವರು ಗಟ್ಟಿಮುಟ್ಟಾಗಿರುತ್ತಾರೆ. ಮಗುವಿಗೆ ಒಂದೇ ಪುಸ್ತಕ ಹೋದಾಗ ಕಥೆ ಕೆಡುತ್ತದೆ. ಅದು ಗಂಡನ ಕಡೆಯಿಂದಲೂ ಬಂದಿರಬಹುದು.

ಚಿಕಿತ್ಸೆ ಇರುವ ಕಾರಣಗಳಲ್ಲಿ ಮುಖ್ಯವಾದದ್ದು ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್. ಮೈ ತನ್ನ ವಿರುದ್ಧವೇ ಪ್ರತಿಕಾಯ ಕಟ್ಟಿ, ರಕ್ತ ಹೆಪ್ಪುಗಟ್ಟಿಸಿ, ಮಾಸು ಬೇರೂರದಂತೆ ಮಾಡುತ್ತದೆ. ಪದೇಪದೇ ಬಸಿರು ಹೋದವರಲ್ಲಿ ನೂರಕ್ಕೆ ಸುಮಾರು 15 ಮಂದಿಯಲ್ಲಿ ಈ ಪ್ರತಿಕಾಯಗಳು ಸಿಗುತ್ತವೆ. ಒಂದು ಸಲ ಪಾಸಿಟಿವ್ ಬಂದರೆ ಸಾಲದು, 12 ವಾರ ಬಿಟ್ಟು ಮತ್ತೆ ನೋಡಬೇಕು, ಸಣ್ಣ ಸೋಂಕಿನಿಂದಲೂ ತಾತ್ಕಾಲಿಕವಾಗಿ ಏರಬಹುದು. ಅದರಲ್ಲಿ ಲೂಪಸ್ ಆಂಟಿಕೋಆಗ್ಯುಲಂಟ್ ಎಂಬ ಪರೀಕ್ಷೆಯ ನೀಲಿ ಮುಚ್ಚಳದ ಟ್ಯೂಬನ್ನು ಕೆಲವೇ ಗಂಟೆಗಳೊಳಗೆ ಲ್ಯಾಬಿನಲ್ಲಿ ತಿರುಗಿಸಿ ಪ್ಲಾಸ್ಮಾ ಬೇರ್ಪಡಿಸಬೇಕು. ನಮ್ಮಂಥ ಊರಲ್ಲಿ ರಕ್ತ ಕೊಟ್ಟು ರಾತ್ರಿ ಬಸ್ಸಿಗೆ ಹಾಕಿದರೆ ಆಗುವ ಕೆಲಸವಲ್ಲ. ಸಿಂಡ್ರೋಮ್ ಇದೆ ಎಂದು ಖಚಿತವಾದರೆ ಕಡಿಮೆ ಪ್ರಮಾಣದ ಆಸ್ಪಿರಿನ್, ಜೊತೆಗೆ ಹೊಟ್ಟೆಯ ಚರ್ಮಕ್ಕೆ ಹೆಪಾರಿನ್ ಇಂಜೆಕ್ಷನ್. 1997ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಅಧ್ಯಯನದಲ್ಲಿ ಬರೀ ಆಸ್ಪಿರಿನ್ ತೆಗೆದುಕೊಂಡವರಲ್ಲಿ ನೂರಕ್ಕೆ 42, ಹೆಪಾರಿನ್ನೂ ಸೇರಿಸಿದವರಲ್ಲಿ ನೂರಕ್ಕೆ 71 ಮಂದಿ ಮಗುವನ್ನು ಕಂಡರು. ಆದರೆ ಸಿಂಡ್ರೋಮ್ ಇಲ್ಲದವರಿಗೆ ‘ಸುಮ್ಮನೆ ಇರಲಿ’ ಎಂದು ಕೊಡುವ ಹೆಪಾರಿನ್ನಿನಿಂದ ಲಾಭ ಕಂಡಿಲ್ಲ.

ನಾಲ್ಕು ತಿಂಗಳು ದಾಟಿದ ಮೇಲೆ ನೋವೇ ಇಲ್ಲದೆ ಹೋದವರಲ್ಲಿ ಗರ್ಭಕೋಶದ ಬಾಯಿ ಸಡಿಲವಾಗಿರಬಹುದು. ಅದಕ್ಕೆ ಹಾಕುವ ಹೊಲಿಗೆಗಳಲ್ಲಿ ಒಂದಕ್ಕೆ ಶಿರೋಡ್ಕರ್ ಹೊಲಿಗೆ ಎಂದೇ ಹೆಸರು. ಗೋವಾ ಮೂಲದ, ಮುಂಬೈಯ ವೈದ್ಯ ವಿ. ಎನ್. ಶಿರೋಡ್ಕರ್ 1955ರಲ್ಲಿ ಪ್ರಕಟಿಸಿದ್ದು, ಇವತ್ತಿಗೂ ಜಗತ್ತೆಲ್ಲ ಬಳಸುತ್ತದೆ. ಥೈರಾಯ್ಡ್, ಸಕ್ಕರೆ, ಗರ್ಭಕೋಶದ ಆಕಾರ ನೋಡುವುದು ಇದ್ದೇ ಇದೆ. ಕೆಲವು ಸೋಂಕುಗಳನ್ನು ಹುಡುಕುವ ‘ಟಾರ್ಚ್’ ಪರೀಕ್ಷೆಯ ಉದ್ದದ ಪಟ್ಟಿ ನಮ್ಮಲ್ಲಿ ಎಲ್ಲರಿಗೂ ಬರೆದುಕೊಡುತ್ತಾರೆ, ಪದೇಪದೇ ಹೋಗುವುದಕ್ಕೆ ಅದರಿಂದ ಉತ್ತರ ಸಿಗುವುದಿಲ್ಲವೆಂದು ರಾಯಲ್ ಕಾಲೇಜು 2011ರಲ್ಲೇ ಹೇಳಿತ್ತು. ಕಾಲು ಎತ್ತಿಟ್ಟು ಮಲಗುವ ಬೆಡ್ ರೆಸ್ಟಿನಿಂದ ಬಸಿರು ಉಳಿಯುತ್ತದೆ ಎನ್ನಲೂ ಆಧಾರವಿಲ್ಲ.

ಮೂರನೆಯದರ ನಂತರ ನಮ್ಮ ಎಲ್ಲ ರಿಪೋರ್ಟೂ ಬಂತು. ಎಲ್ಲಾ ನಾರ್ಮಲ್. ಆ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ನಾನು ಅತ್ತಷ್ಟು ಮಗು ಹೋದಾಗಲೂ ಅತ್ತಿರಲಿಲ್ಲ. ಒಂದು ದೋಷ ಸಿಕ್ಕಿದ್ದರೆ ಅದರ ಕುತ್ತಿಗೆ ಹಿಡಿಯಬಹುದಿತ್ತು. ‘ಕಾರಣ ಸಿಗಲಿಲ್ಲ’ ಎಂಬ ಗುಂಪಿಗೆ ಸೇರಿದೆ. ಪರೀಕ್ಷೆ ಮಾಡಿಸಿದವರಲ್ಲಿ ಸುಮಾರು ಅರ್ಧ ಮಂದಿ ಅಲ್ಲಿಯೇ ಇದ್ದಾರೆ. ಆಗ ಡಾಕ್ಟರಮ್ಮ ಹೇಳಿದ ಒಂದು ಲೆಕ್ಕವನ್ನು ನಾನು ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗಲೂ ನೆನೆಯುತ್ತಿದ್ದೆ. 2015ರಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಕೊಟ್ಟರೆ ಉಪಯೋಗವಿದೆಯೇ ಎಂದು ನೋಡಿದ ದೊಡ್ಡ ಅಧ್ಯಯನ ಪ್ರಕಟವಾಯಿತು, 836 ಹೆಂಗಸರು, ಯಾರಿಗೂ ಕಾರಣ ಸಿಕ್ಕಿರಲಿಲ್ಲ. ಔಷಧ ಪಡೆದವರಲ್ಲಿ ನೂರಕ್ಕೆ 66 ಮಂದಿಗೆ ಮಗುವಾಯಿತು, ಔಷಧವಿಲ್ಲದ ಬರೀ ಸಪ್ಪೆ ಗುಳಿಗೆ ಪಡೆದವರಲ್ಲಿ 63. ಔಷಧ ಸೋತಿತು ಎಂದು ವರದಿ. ನಾನು ಹಿಡಿದುಕೊಂಡದ್ದು ಎರಡನೇ ಅಂಕಿಯನ್ನು. ಪದೇಪದೇ ಕಳೆದುಕೊಂಡು, ಕಾರಣವೂ ಸಿಗದೆ, ಔಷಧವೂ ಇಲ್ಲದೆ, ನೂರಕ್ಕೆ 63. ‘ನಿಲ್ಲಲ್ಲ’ ಎಂದವರು ಈ ಲೆಕ್ಕ ಕೇಳಿರಲಿಲ್ಲ. (2019ರ ಇನ್ನೊಂದು ಅಧ್ಯಯನದಲ್ಲಿ, ಹಿಂದೆ ಮೂರೋ ಹೆಚ್ಚೋ ಕಳೆದುಕೊಂಡು ಈಗ ರಕ್ತ ಕಾಣಿಸಿಕೊಂಡವರಿಗೆ ಪ್ರೊಜೆಸ್ಟರಾನ್ ನೆರವಾಯಿತು, ನೂರಕ್ಕೆ 57ರ ಬದಲು 72 ಮಂದಿಗೆ ಮಗುವಾಯಿತು. ಆದ್ದರಿಂದ ರಕ್ತ ಕಂಡರೆ ತಡಮಾಡದೆ ಡಾಕ್ಟರ ಬಳಿ ಹೋಗಿ.)

ಮೂರನೆಯದು ಹೋಗಿ ಹದಿನೈದು ದಿನಕ್ಕೆ ಭೂಮಿ ಹುಣ್ಣಿಮೆ ಬಂತು. ನಮ್ಮ ಕಡೆ ಅವತ್ತು ಭೂಮಿತಾಯಿ ಬಸುರಿ, ಹೊಡೆಯಾದ ಗದ್ದೆಗೆ ಬಯಕೆ ಹಾಕಬೇಕು. ರಾತ್ರಿಯಿಡೀ ಹೆಂಗಸರು ಬೆರಕೆ ಸೊಪ್ಪು ಬೇಯಿಸಿ ಚರಗ ಮಾಡುತ್ತಾರೆ, ಬೆಳಗಿನ ಜಾವ ಗಂಡಸರು ಬುಟ್ಟಿ ಹೊತ್ತು ಹೋಗುತ್ತಾರೆ. ನಾನು ಕೋಣೆಯಲ್ಲೇ ಇದ್ದೆ. ಅತ್ತೆ ಬಾಗಿಲಿಗೆ ಬಂದು ಈಳಿಗೆಮಣೆ ಇಟ್ಟರು. ‘ಸೊಪ್ಪು ಹೆಚ್ಚು ಬಾ.’ ನನ್ನ ಕೈಲಿ ಬೇಡ ಅತ್ತೆ, ಅಂದೆ. ‘ಹೋದ ವರ್ಷ ಕೆಳಗಿನ ಗದ್ದೆ ಪೂರ್ತಿ ಜೊಳ್ಳಾಯ್ತು. ಈ ವರ್ಷ ಅದಕ್ಕೆ ಬಯಕೆ ಹಾಕೋದು ಬಿಟ್ವೇನೆ?’ ಅಂದರು. ನಾನು ಎದ್ದು ಹೋಗಿ ಹೆಚ್ಚಿದೆ.

ಸಂಬಳದ ಕೆಲಸದಲ್ಲಿರುವವರಿಗೆ ಒಂದು ಮಾತು. ಹಿಂದೆ 1961ರ ಹೆರಿಗೆ ಸೌಲಭ್ಯ ಕಾಯ್ದೆಯ 9ನೇ ಸೆಕ್ಷನ್ನಿನಲ್ಲಿದ್ದ, 2025ರ ನವೆಂಬರಿನಿಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿರುವ ನಿಯಮದ ಪ್ರಕಾರ ಬಸಿರು ಹೋದಾಗ ಆರು ವಾರ ಸಂಬಳಸಹಿತ ರಜೆ ಇದೆ. ತೋಟಕ್ಕೆ ಕೂಲಿಗೆ ಹೋಗುವವಳಿಗೆ ಆ ರಜೆ ಕೊಡುವವರಿಲ್ಲ, ಮೂರನೇ ದಿನಕ್ಕೆ ಅಂಗಳದಲ್ಲಿ ಅಡಿಕೆ ಸುಲಿಯಲು ಕೂತಿರುತ್ತಾಳೆ. ಇದು ನನಗೆ ಸಹಿಸಲಾಗದ ಸಂಗತಿ.

ಈಗ ನನಗೆ ಹದಿನೇಳನೇ ವಾರ. ಹೋದ ತಿಂಗಳು ಆಶಾ ಅಕ್ಕ ಮನೆಗೆ ಬಂದಾಗ ಕಾರ್ಡು ಕೊಟ್ಟು ಕೇಳಿದೆ, ‘ಅಕ್ಕಾ, ಈ ಎ3 ಕೆಳಗೆ ಸ್ವಲ್ಪ ಜಾಗ ಇದೆ, ಕನ್ನಡದಲ್ಲಿ ಒಂದು ಸಾಲು ಸೇರಿಸ್ತೀರಾ?’ ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಪೆನ್ನಿನ ಮುಚ್ಚಳ ತೆಗೆದು, ತೊಡೆಯ ಮೇಲೆ ರಿಜಿಸ್ಟರ್ ಇಟ್ಟು, ಅದರ ಮೇಲೆ ಕಾರ್ಡಿಟ್ಟು, ಅಕ್ಷರ ಚಿಕ್ಕದು ಮಾಡಿ ಬರೆದರು: ‘ಮೂರೂ ತಾನಾಗಿ ಹೋದದ್ದು. 8 ವಾರ, 9 ವಾರ, 7 ವಾರ.’